ಹದಿನೇಳು ಮನೆಗೊಂದು ಬೆಂಚು

ಟಿಬಿಲಿಸಿಯ ಹಳೇ ಓಣಿಯೊಳಗೆ
ಹದಿನೇಳು ಮನೆಗೆ ಒಂದೇ ಅಂಗಳ, ಒಂದೇ ನಲ್ಲಿ,
ಒಂದು ಹಿಪ್ಪುನೇರಳೆ ಮರ.
ಕೂರಲು ಏನಾದರೂ ಮಾಡಿಕೊಡು ಅಂದರು.
ಅಳತೆಪಟ್ಟಿ ಹಿಡಿದು ಹೋದೆ,
ಕಂಕುಳಲ್ಲಿ ಮೂರು ಚಂದದ ನಕ್ಷೆ.

ಗುರಾಮ್ ನಕ್ಷೆ ನೋಡಲಿಲ್ಲ.
ಡಾಮಿನೊ ಬಿಲ್ಲೆಯೊಂದನ್ನು ಕಿವಿಯವರೆಗೆ ಎತ್ತಿ
ನನ್ನ ಕಾಗದದ ಮೇಲೇ ಕುಟ್ಟಿದ.
"ಇಂಥ ಸದ್ದು ಬರಬೇಕು.
ಸದ್ದಿಲ್ಲದ ಮೇಜಿನ ಮೇಲೆ
ಗೆದ್ದರೂ ಗೆದ್ದಂತಲ್ಲ."
ಬರೆದುಕೊಂಡೆ: ಓಕ್ ಹಲಗೆ, ಎರಡಂಗುಲ, ಅಡಿಯಲ್ಲಿ ಟೊಳ್ಳು.

ಮೂರನೇ ಮಹಡಿಯ ನೋನಾ, ರಾತ್ರಿಪಾಳಿಯ ನರ್ಸು,
ನಿದ್ದೆಗಣ್ಣಲ್ಲೇ ಕಿಟಕಿಯಿಂದ ಬಗ್ಗಿದಳು:
"ಸದ್ದು ಬಂದರೆ ಬಿಸಿನೀರು ಸುರೀತೀನಿ!"
ಅದನ್ನೂ ಬರೆದುಕೊಂಡೆ
ಅದೇ ಸಾಲಿನ ಕೆಳಗೆ.

ತ್ಸಿಯಾಲ ಒಂದು ಡಬ್ಬದ ಮೇಲೆ ಕೂತು ತೋರಿಸಿದಳು.
ಕೂರುವುದು ಸುಲಭ; ಏಳುವಾಗ
ಮಂಡಿಗೆ ಎರಡು ಬಾರಿ ಬೈದು
ನನ್ನ ಭುಜ ಹಿಡಿದು ಎದ್ದಳು.
"ನಿನಗಿನ್ನೂ ಮಂಡಿ ಬಂದಿಲ್ಲ ಮಗಳೇ,
ಅದಕ್ಕೇ ಹೀಗೆ ಗೀಚಿದ್ದೀಯ."
ಆಸನದ ಎತ್ತರ ಅಲ್ಲೇ ತಿದ್ದಿದೆ,
ಪುಸ್ತಕ ಹೇಳಿದ್ದಕ್ಕಿಂತ ನಾಲ್ಕು ಬೆರಳು ಮೇಲೆ.
ಹಿಡಿದೇಳಲು ತುದಿಗೊಂದು ಗಟ್ಟಿ ಕೈ.

ಬಿಳಿ ಬಣ್ಣ ಅಂದುಕೊಂಡಿದ್ದೆ.
ಅಷ್ಟರಲ್ಲಿ ಮಕ್ಕಳು ಓಡಿಬಂದರು,
ಅಂಗಾಲು, ಅಂಗಿ, ನಾಲಿಗೆ ಎಲ್ಲ ನೇರಳೆ.
ಬಿಳಿ ಬಿಟ್ಟೆ.

ಅಂಗಳದ ಲೆಕ್ಕ ಇಡುವ ಅವ್ತಾಂಡಿಲ್
ಒಂದೇ ಒಂದು ಕೇಳಿದ:
ನಡುನಡುವೆ ಎರಡು ಕಬ್ಬಿಣದ ತೋಳು.
"ಕಂಡವರು ಬಂದು ಮಲಗಬಾರದು ನೋಡು."
ಬರೆದೆ. ಎಲ್ಲ ಊರಲ್ಲೂ ಹಾಗೆಯೇ ಬರೆಯುತ್ತೇವೆ.
ಕಾಗದದ ಮೇಲೆ ಅದು
ಅಚ್ಚುಕಟ್ಟಾಗಿಯೇ ಕಾಣುತ್ತದೆ.

ಸಂಜೆ ಲಮಾರಾ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದಳು.
ನಾನೆಳೆದ ಸೀಮೆಸುಣ್ಣದ ಗೆರೆಯ ಮೇಲೆ
ನೇರಕ್ಕೆ ಹಾಸಿದಳು.
ಹಗ್ಗದಲ್ಲಿ ಎರಡು ಗಂಟು.

"ಇಷ್ಟಿದ್ದ ನನ್ನ ವಾಖ್ತಾಂಗ್, ಪೆಟ್ಟಿಗೆ ಸೇರಿ.
ಈ ಸುರುಳಿ ಮೆಟ್ಟಿಲಲ್ಲಿ
ನಿಂತುಕೊಂಡೇ ಇಳಿದ ಅನ್ನಬೇಕು.
ಅಂಗಳಕ್ಕೆ ತಂದರೆ ಇಡಲು ಜಾಗವಿಲ್ಲ.
ಅಡುಗೆಮನೆಯ ಎರಡು ಸ್ಟೂಲು,
ಒಂದು ನಂದು, ಒಂದು ತ್ಸಿಯಾಲಳದ್ದು,
ಅವಳದ್ದಕ್ಕೆ ಕಾಲು ಗಿಡ್ಡ.
ಪಾದ್ರಿ ಹಾಡಿ ಮುಗಿಸುವ ತನಕ
ನಾನು ಅಳಲಿಲ್ಲ.
ಪೆಟ್ಟಿಗೆ ಅಲುಗದ ಹಾಗೆ ಹಿಡಿದಿದ್ದೆ."

ತ್ಸಿಯಾಲ ನಲ್ಲಿ ತಿರುಗಿಸಿದಳು, ಸುಮ್ಮನೆ.
ಅವ್ತಾಂಡಿಲ್ ನನ್ನ ಪೆನ್ಸಿಲ್ ತೆಗೆದುಕೊಂಡು
ತನ್ನೆರಡು ತೋಳುಗಳನ್ನು ತಾನೇ ಹೊಡೆದುಹಾಕಿದ.
ಕಾಗದ ಸ್ವಲ್ಪ ಹರಿಯಿತು.

ಹಗ್ಗದ ಅಳತೆಗೇ ಹಲಗೆ ಕೊಯ್ಸಿದೆ.

ಈಗ ಜುಲೈ. ಬೆಂಚಿನ ಎಡಗಾಲು
ಒಂದು ಚೂರು ಕುಂಟುತ್ತದೆ, ತಪ್ಪು ನನ್ನದೇ;
ಯಾರೋ ಅದರಡಿ ಡಾಮಿನೊ ಬಿಲ್ಲೆ ಇಟ್ಟಿದ್ದಾರೆ,
ಜೋಡಿ ಸೊನ್ನೆ.
ಹಗ್ಗ ಮತ್ತೆ ಮೇಲೆ ಹೋಗಿದೆ.
ಆ ಗಂಟಿನಿಂದ ಈ ಗಂಟಿಗೆ
ಲಮಾರಾಳ ಒಂದು ಹೊದಿಕೆ, ಎರಡು ದಿಂಬಿನ ಚೀಲ.

ಪಾಳಿ ಮುಗಿಸಿ ಬಂದ ನೋನಾ
ಮೆಟ್ಟಿಲು ಹತ್ತುವ ಮನಸ್ಸಿಲ್ಲದೆ
ಬೆಂಚಿನುದ್ದಕ್ಕೂ ಮಲಗಿಬಿಟ್ಟಿದ್ದಾಳೆ,
ಷೂ ಕೂಡ ಬಿಚ್ಚಿಲ್ಲ.
ಪಕ್ಕದ ಮೇಜಿನಲ್ಲಿ ಆಟ ನಡೆದಿದೆ.
ಗುರಾಮ್ ಬಿಲ್ಲೆಯನ್ನು ಕಿವಿಯವರೆಗೆ ಎತ್ತುತ್ತಾನೆ,
ಅವಳತ್ತ ನೋಡುತ್ತಾನೆ,
ಮೊಟ್ಟೆ ಇಟ್ಟ ಹಾಗೆ ಇಡುತ್ತಾನೆ.