ನಲವತ್ತೊಂದನೇ ಅಳತೆ

ಲುಸಾಕಾದ ಆ ಕೋಣೆಯಲ್ಲಿ ಹದಿನಾಲ್ಕು ಜನ
ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ಆರು ತಿಂಗಳು,
ಇನ್ನೊಬ್ಬರನ್ನು ರೂಪಿಸುವುದು ಹೇಗೆಂದು ಕಲಿಯುತ್ತಿದ್ದೆವು.
ಮೊದಲ ದಿನವೇ ಸಿಸ್ಟರ್ ತದಾಲಾ
ಒಬ್ಬೊಬ್ಬರ ಮುಂದೂ ಒಂದು ಮುದ್ದೆ ಜೇಡಿಮಣ್ಣಿಟ್ಟು
'ಏನಾದರೂ ಮಾಡಿ' ಎಂದರು.

ಅಂಗೋಲಾದ ಕಪುಚಿನ್ ಹಕ್ಕಿ ಮಾಡಿದ.
ಕ್ಲಾರಾ ಮಠದ ಮುದುಕಿ ಲೋಟ ಮಾಡಿ
ಅದಕ್ಕೊಂದು ಕಿವಿಯನ್ನೂ ಅಂಟಿಸಿದರು.
ನಾನು ಇಟ್ಟಿಗೆ ಮಾಡಿದೆ.
ನಮ್ಮಪ್ಪ ಕಿತ್ವೆಯ ಹೊರಗೆ ಹುತ್ತ ಕಡಿದು, ಮಣ್ಣು ತುಳಿದು
ಇಟ್ಟಿಗೆ ಹೊಯ್ಯುತ್ತಿದ್ದವನು. ನನ್ನ ಕೈಗೆ ಬೇರೇನು ಬಂದೀತು?
ಸಿಸ್ಟರ್ ನಕ್ಕರು. ಆಮೇಲೆ ನಗಲಿಲ್ಲ.
'ಸಿಂಬೆಯೆ, ನಿಮ್ಮ ಅಚ್ಚು ಎಲ್ಲಿದೆ?'
ಅಚ್ಚು ಇರಲಿಲ್ಲ. ಬರಿಗೈಯಲ್ಲೇ
ಎಂಟೂ ಮೂಲೆ ಅಷ್ಟು ನೆಟ್ಟಗೆ ಬಂದಿದ್ದವು.

ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಕಲಿತೆ ಅನ್ನಿ.
ಹತ್ತು ನಿಮಿಷ, ಎದುರಿನವನ ಮಾತಿಗೆ
ತಲೆಯನ್ನೂ ಆಡಿಸದೆ ಕೂರುವುದು ಕಲಿತೆ.
ಪಾಪನಿವೇದನೆಯ ಮಾತು ಒಂದು ಕೊಡ, ವರದಿಯ ಮಾತು ಇನ್ನೊಂದು,
ಅದರ ನೀರು ಇದಕ್ಕೆ ಬಗ್ಗಿಸಬಾರದೆಂದು ಕಲಿತೆ.
ಕಲಿಯಲಾಗದ್ದು ಒಂದಿತ್ತು:
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು
ತೊಳೆದ ಬಾಣಲೆಯನ್ನೇ ಮೂರು ಸಲ ತೊಳೆಸಿದ
ನನ್ನ ಗುರು ತೀರಿಕೊಂಡು ಎಂಟು ವರ್ಷ.
ಅವನ ಸಿಟ್ಟು ನನ್ನ ಗಂಟಲಲ್ಲಿ
ಬಾಡಿಗೆ ಕೊಡದೆ ಇನ್ನೂ ವಾಸವಾಗಿದೆ.

ಎನ್ದೋಲಾದ ಮಠ. ನಾಲ್ವರು ನವದೀಕ್ಷಿತರು.
ಅಸಿಸಿಯ ಆ ಬಡವ ಬೂಟು ಬಿಟ್ಟ ನೆನಪಿಗೆ
ಇವರದೂ ಬಿಚ್ಚಿಸಿ, ಅಡಿಗೆ ಸೀಮೆಸುಣ್ಣದಲ್ಲಿ ಹೆಸರು ಬರೆದು,
ಬೀರುವಿನ ಕೆಳಹಲಗೆಯಲ್ಲಿಟ್ಟು
ಚಪ್ಪಲಿ ಕೊಡುವುದು ನಮ್ಮ ವಾಡಿಕೆ.
ಲುಬಿಂಡಾನದು ಕಪ್ಪು ಬೂಟು, ನಲವತ್ತೊಂದು,
ಶಾಲೆಯ ಪಾಲಿಶ್ ಇನ್ನೂ ಮಾಸಿರಲಿಲ್ಲ.

ಹಾಡು ಬಾರದು ಅವನಿಗೆ. ಬೆಳಗಿನ ಜಾವದ ಪ್ರಾರ್ಥನೆಯಲ್ಲಿ
ಕೀರ್ತನೆಯ ನಡುವೆಯೇ ತೂಕಡಿಸುತ್ತಿದ್ದ.
ಆದರೆ ಬೇಲಿಯಾಚೆಯ ಕೇರಿಯಲ್ಲಿ ಪಂಪು ಕೆಟ್ಟರೆ
ಹೆಂಗಸರು ಗೇಟಿಗೆ ಬಂದು ಕೇಳುತ್ತಿದ್ದುದು ಅವನನ್ನೇ.
ನದಿ ಬಯಲಿನ ಬೆಸ್ತನ ಮಗ, ನೂರೆಂಟು ಗಂಟು ಬಲ್ಲ.
ವ್ರತದ ದಿನ ನಿಮ್ಮ ಹಗ್ಗಕ್ಕೆ ಮೂರು ಗಂಟು ಬೀಳುತ್ತವೆ
ಎಂದು ನಾನು ಪಾಠ ಮಾಡುವಾಗ
ಇವನು ಹಿಂದಿನ ಬೆಂಚಿನಲ್ಲಿ ಉಳಿದ ಮೂವರಿಗೆ
ಮೊಸಳೆ ಎಳೆದರೂ ಬಿಚ್ಚದ ಗಂಟು ಕಲಿಸುತ್ತಿದ್ದ.

ವರ್ಷ ತುಂಬಲು ಒಂಬತ್ತು ದಿನವಿದೆ ಎನ್ನುವಾಗ
ಅಡುಗೆಮನೆಯ ಹಿಂದೆ, ಎನ್ಶಿಮಾ ಪಾತ್ರೆ ಉಜ್ಜುತ್ತ ಅಂದ:
'ಎಳೆದರೆ ತಾನೇ ಬಿಚ್ಚಿಕೊಳ್ಳುವ ಗಂಟೂ ಒಂದಿದೆ, ಬ್ರದರ್.
ಅದೂ ಒಳ್ಳೆಯ ಗಂಟೇ.'

ಗಂಟಲಿನ ಬಾಡಿಗೆದಾರ ಎದ್ದು ನಿಂತ.
ನಾನು ಕೂತೆ. ತಲೆ ಆಡಿಸಲಿಲ್ಲ.
ನಲ್ಲಿ ತೊಟ್ಟಿಕ್ಕುತ್ತಿತ್ತು.
ಅವನು ಹೇಳುವುದೆಲ್ಲ ಹೇಳಿ ಮುಗಿಸಿ, ಕೊನೆಗೆ
ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಾಗ
ಕೈಯಿಂದ ತೆಗೆದುಕೊಂಡು ಬೋರಲು ಹಾಕಿದೆ.

ಬೂಟು ಹಿಡಿಸಲಿಲ್ಲ.
ಹಿಮ್ಮಡಿ ಒಳಗೆ ಹೋಗದು, ಬೆರಳು ಮಡಚಿದರೂ ಆಗದು.
ಚಪ್ಪಲಿಯಲ್ಲಿ ಹರವಾಯಿತೋ
ಹತ್ತೊಂಬತ್ತರ ಹರೆಯದಲ್ಲಿ ಬೆಳೆಯಿತೋ
ದೇವರೇ ಬಲ್ಲ ಆ ಪಾದ.
ಮೊದಲು ನಕ್ಕವನು ಅವನು.
ಲೇಸಿಗೆ ಲೇಸು ಬಿಗಿದು, ಹೆಗಲಿಗೆ ಜೋತುಬಿಟ್ಟು,
ಮಠದ ಚಪ್ಪಲಿಯಲ್ಲೇ ಬಸ್ಸಿಗೆ ನಡೆದ.

ಪ್ರಾಂತಾಧಿಕಾರಿಗೆ ಕಳಿಸುವ ವರದಿಯ ಮೂರನೇ ಪುಟ ಹೀಗೆ ಕೇಳುತ್ತದೆ:
ಈತ ಯಾವ ರೀತಿಯಲ್ಲಿ ರೂಪುಗೊಂಡಿದ್ದಾನೆ?
ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ:
'ನಲವತ್ತಮೂರು.'

ಈಗ ಲೆಕ್ಕ ನೋಡುವ ಚಿಲೇಶೆ ಬಾಗಿಲಲ್ಲಿ ನಿಂತಿದ್ದಾನೆ.
ಒಂದು ಜೊತೆ ಚಪ್ಪಲಿ ಕಡಿಮೆ, ಯಾವ ಬಾಬ್ತಿಗೆ ಬರೆಯಲಿ?
'ತರಬೇತಿ' ಅಂದೆ.
'ಯಾರದ್ದು?' ಎಂದು
ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದಾನೆ.