ಅರಗದ ಹರಳು

ಇಳಕಲ್ಲಿನ ಕೆಂಪು ಕಲ್ಲು ಮಳೆಗೆ ಕರಗುವುದಿಲ್ಲ,
ಅದಕ್ಕೇ ದೂರದೂರುಗಳಲ್ಲಿ ಅದಕ್ಕೆ ಬೆಲೆ.
ಯಮನೂರಪ್ಪನ ಎದೆಯೊಳಗೂ ಕರಗಿಲ್ಲ.
ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದೆ:
ಎರಡೂ ಪುಪ್ಪುಸದ ಮೇಲ್ಬದಿಗೆ
ಯಾರೋ ಚೆಲ್ಲಿಹೋದ ನವಣೆ ಕಾಳು.

"ಟಿಬಿ ಏನ್ರಿ ಅಕ್ಕಾರ?"
ಕಫ ಮೂರು ಸಲ ನೋಡಿದ್ದೇವೆ. ಹುಳ ಇಲ್ಲ.
"ಹಂಗಾರ ಹುಳಾ ಇಲ್ಲದ ಬ್ಯಾನಿ ಎಲ್ಲಿಂದ ಬಂತು?"

ತಿಳಿದಷ್ಟು ಹೇಳಿದೆ.
ಉಸಿರಿನ ಕಟ್ಟಕಡೆಯ ಓಣಿಯಲ್ಲಿ
ಕಾವಲಿನ ಕೋಶವೊಂದಿದೆ,
ಬಂದದ್ದನ್ನು ನುಂಗಿ ಅರಗಿಸುವುದೇ ಅದರ ಕಸುಬು.
ನುಂಗಿದ ಹುಳ ಸಾಯದೆ
ಹೊಟ್ಟೆಯೊಳಗೇ ಸಂಸಾರ ಹೂಡಿದರೆ
ಕೋಶ ತನ್ನ ಗೋಡೆಗೆ ತಾನೇ ತೂತು ಕೊರೆಯುತ್ತದೆ,
ಉಬ್ಬುತ್ತದೆ, ಒಡೆಯುತ್ತದೆ,
ಒಳಗಿದ್ದ ಬೆಂಕಿಯನ್ನೆಲ್ಲ ಬೀದಿಗೆ ಚೆಲ್ಲಿ
ಊರನ್ನೇ ಎಬ್ಬಿಸಿ ಸಾಯುತ್ತದೆ.
ಸದ್ದಿಲ್ಲದೆ ಮುದುಡಿ ಉದುರುವ ಕೋಶಗಳು
ದಿನಕ್ಕೆ ಕೋಟಿ ಕೋಟಿ; ಅವಕ್ಕೆ ಯಾರೂ ಅಳುವುದಿಲ್ಲ.
ಇದು ಕೂಗಿ ಸಾಯುವ ಸಾವು.
ಆ ಕೂಗಿನ ಪುಣ್ಯಕ್ಕೇ ಎಷ್ಟೋ ಜ್ವರ ದಾಟಿ
ನೀನೂ ನಾನೂ ಈ ಬೆಂಚಿನ ಮೇಲೆ ಕೂತಿದ್ದೇವೆ.

"ಛಲೋನ ಆತಲ್ರಿ."

ಛಲೋನೇ. ಹುಳಕ್ಕಾದರೆ.
ಕಲ್ಲಿನ ಹುಡಿ ಹುಳವಲ್ಲ.
ಅದು ನುಂಗಿದ ಕೋಶದ ಕರುಳನ್ನು ಸೀಳುತ್ತದೆ;
ಕಳ್ಳ ಹೊಕ್ಕನೆಂದು ಕೋಶ ಒಡೆದುಕೊಂಡು ಕೂಗುತ್ತದೆ;
ಓಡಿ ಬಂದದ್ದು, ಬಿದ್ದಿದ್ದ ಅದೇ ಹರಳನ್ನೆತ್ತಿ
ಬಾಯಿಗೆ ಹಾಕಿಕೊಳ್ಳುತ್ತದೆ.
ಅದೂ ಒಡೆಯುತ್ತದೆ. ಮತ್ತೊಂದು.
ಹರಳು ಸವೆಯುವುದಿಲ್ಲ.
ಬೆಂಕಿ ಬಿದ್ದಲ್ಲಿ ಗಾಯ, ಗಾಯ ಮಾಯ್ದಲ್ಲಿ ಗಂಟು,
ಗಂಟಿನೊಳಗೆ ಗಾಳಿಗೆ ಜಾಗವಿಲ್ಲ.

ಟವೆಲಿನ ತುದಿ ತಿರುವುತ್ತ ಕೂತಿದ್ದ, ಬಹಳ ಹೊತ್ತು.
ಕೆಮ್ಮು ಬಂತು, ಹೋಯಿತು.
"ನಮ್ಮ ಖಣಿಯಾಗ ಮದ್ದಿಗೆ ಬತ್ತಿ ಹಚ್ಚೂ ಮುಂದ
ಕೆಂಪ ಅರಿವಿ ಹಿಡದು ಒಬ್ಬಾಂವ ಒದರತಾನ್ರಿ.
ಎಲ್ಲಾರೂ ಬಿಟ್ಟು ಓಡತೇವಿ.
ಇವ್ಯಾಕ ಒದರಿದ ಕಡೀಗೇ ಓಡಿ ಬರ್ತಾವು?"

ಹಾಗೆ ಓಡಿ ಬರುವುದೊಂದನ್ನೇ ಕಲಿತಿವೆ, ಅಂದೆ.
ಕಲ್ಲನ್ನು ಉಸಿರಾಡುವವರು ಹುಟ್ಟುವ ಮೊದಲೇ ಕಲಿತ ಪಾಠ.

ಲಕೋಟೆಯ ಮೇಲೆ ಹೆಸರು ಬರೆದೆ. ವಯಸ್ಸು ನಲವತ್ತೊಂದು.
ಕೆಲಸ ಅಂದಲ್ಲಿ ಪೆನ್ನು ನಿಂತಿತು.
ಡ್ರಿಲ್ ಬಿಟ್ಟಿದ್ದೀಯಲ್ಲ?

"ಬಿಟ್ಟೇನ್ರಿ, ದೀಪಾವಳಿಗೇ.
ಮಾಲಕ ಹೊಸಬರನ್ನ ತರತೇನಂದ,
ನಾನ ಬ್ಯಾಡಂದೆ.
ಈಗ ನಮ್ಮ ಸಣ್ಣಾಂವ ಹಿಡದಾನ, ಬಸಲಿಂಗ.
ಹೇಳಿ ಕಳಿಸಿದ್ದೆ. ಮರುದಿನಾನ ಓಡಿ ಬಂದ."