ಬಿಸಿಯಾಗುವ ತನಕ

ದೂರದಲ್ಲೇ ಗೊತ್ತಾಯಿತು, ಬರುತ್ತಿರುವವನು ವೆಂಕಟರವಣ.
ದಿಬ್ಬೂರಹಳ್ಳಿ ರಸ್ತೆಯ ತಿರುವಿನಲ್ಲಿ ಮೊದಲು ಸದ್ದು,
ಆಮೇಲೆ ನಾಯಿಗಳು, ಆಮೇಲೆ ಕಾರು.
ಬಂಕಿನ ಮೂಲೆಯ ನನ್ನ ತಗಡಿನ ಪೆಟ್ಟಿಗೆ,
ಮೇಲೆ ಹೊಗೆ ತಪಾಸಣೆಯ ಹಳದಿ ಬೋರ್ಡು,
ಒಳಗೆ ಟೀ ಲೋಟ ಕುಣಿಯಿತು.

ಎಸ್ಟೀಮು. ಎರಡು ಸಾವಿರದ ಒಂದರ ಮಾಡಲು.
ಹಿಂದೆ ಎರಡು ಬೆರಳಗಲದ ಕೊಳವೆ ಇದ್ದಲ್ಲಿ
ಈಗ ಅಕ್ಕಿ ಅಳೆಯುವ ಸೇರಿನಂಥ ಬಾಯಿ.
ಸೈಲೆನ್ಸರ್ ಕಿತ್ತಿದ್ದ. ಕ್ಯಾಟೂ ಕಿತ್ತಿದ್ದ.
"ಉಸಿರು ಕಟ್ತಿತ್ತು ಅಕ್ಕ, ಪಾಪ, ಗಾಡೀಗೆ."

ಕಡ್ಡಿ ಇಟ್ಟೆ. ಜ್ವರ ನೋಡುವವಳ ಹಾಗೆ ಕಾದೆ.
ಎರಡು ಪಾಯಿಂಟ್ ಎಂಟು. ಮಿತಿ ಅರ್ಧ.
ಕೆಳಗಿನ ಅಂಕಿ ಸಾವಿರದ ನೂರು ದಾಟಿಯೂ
ಹತ್ತುತ್ತಲೇ ಇತ್ತು,
ಗೂಡಿನ ಮಾರ್ಕೆಟ್ಟಿನಲ್ಲಿ ಹಿಂದೆ ರೇಟು ಕೂಗುತ್ತಿದ್ದ ಹಾಗೆ.
ಫೇಲು.

"ಪಕ್ಕದ ಗಾಡೀಗೆ ಇಕ್ಕಿ, ನಂದು ನಂಬರ್ ಫೋಟೊ ಹೊಡೆದುಬಿಡಿ."
ಮಾಡಿಯೇ ಇಲ್ಲ ಅಂತಲ್ಲ. ಮಾಡಿದ್ದೇನೆ.
ಒಂದು ಸಲ ಮಗಳ ಶಾಲೆಯ ಶೂಗೆ,
ಇನ್ನೊಂದು ಸಲ ಸುಮ್ಮನೆ, ಮಧ್ಯಾಹ್ನ, ನಿದ್ದೆ ಬಂದಿತ್ತು.
ಇವನಿಗೆ ಯಾಕೆ ಆಗಲ್ಲ ಅಂದೆನೋ.
ಬಹುಶಃ ಕುಣಿದ ಟೀ ಲೋಟಕ್ಕೆ ಸಿಟ್ಟು ಬಂದಿರಬೇಕು.

ಪಿಳ್ಳಾಂಜಿನಪ್ಪನ ಗ್ಯಾರೇಜಿನಲ್ಲಿ ಮೂರು ದಿನ.
ಪ್ಲಗ್ಗು ಹೊಸದು. ಏರ್ ಫಿಲ್ಟರು ಕೊಡವಿದರೆ
ಒಂದು ಹಿಡಿ ಹಿಪ್ಪುನೇರಳೆ ಸೊಪ್ಪಿನ ಪುಡಿ.
ಅದರದೇ ಕ್ಯಾಟು ಗುಜರಿಗೆ ಬಿದ್ದು ಎಂದೋ ಕರಗಿತ್ತು;
ಚಿಂತಾಮಣಿಯಲ್ಲಿ ಲಾರಿಗೆ ಗುದ್ದಿದ ಇನ್ನೊಂದು ಎಸ್ಟೀಮಿನದು ಸಿಕ್ಕಿತು.
ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದವನು
ಇಳಿದವನೇ ನನಗೆ ತೋರಿಸಿದ.
ಒಳಗೆ ಕಣ್ಣು, ಕಣ್ಣು, ಬರೀ ಕಣ್ಣು,
ಅಂಗೈಯಗಲದ ಚಂದ್ರಂಕಿ.
ಹುಳ ಬಿಡುವುದೊಂದು ಬಾಕಿ.

ಬೆಸುಗೆ ಹಾಕಿಸಿ ತಂದ ದಿನವೂ ಫೇಲು.
ಒಂದು ಪಾಯಿಂಟ್ ಎರಡು.
ಪಿಳ್ಳಾಂಜಿನಪ್ಪನನ್ನು ಬೈದ, ಸರ್ಕಾರವನ್ನು ಬೈದ,
ಚಿಂತಾಮಣಿಯ ಲಾರಿಯನ್ನೂ ಬಿಡಲಿಲ್ಲ.
ನಾನು ಬಾನೆಟ್ಟಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು.
ಪೆಟ್ರೋಲು ಉಳಿಸಲು ಮಾರಾಯ
ರಸ್ತೆಯಾಚೆಯ ಗ್ಯಾರೇಜಿನಿಂದ ತಳ್ಳಿಕೊಂಡು ಬಂದಿದ್ದಾನೆ!

ನಮ್ಮ ಅಬ್ಬಾ ಚರಕದ ಮುಂದೆ ನಲವತ್ತು ವರ್ಷ ಕೂತವರು.
ಬಾಣಲೆಯ ನೀರಿಗೆ ಕುದಿ ಹತ್ತದೆ
ಗೂಡು ಎಳೆ ಬಿಡುವುದಿಲ್ಲ; ಎಳೆದರೆ ತುಂಡು.
ಬೆಂದು ಬೆಂದು ಬೆರಳ ತುದಿಯ ಗೆರೆ ಅಳಿಸಿಹೋಗಿ
ರೇಷನ್ ಅಂಗಡಿಯ ಯಂತ್ರ ಕೊನೆಗೆ
ಅವರನ್ನು ಅವರಲ್ಲ ಎನ್ನುತ್ತಿತ್ತು, ತಿಂಗಳು ತಿಂಗಳೂ.
"ಬಿಸಿ ಮುಟ್ಟಲಿ, ತಾನೇ ಬರುತ್ತೆ."
ಗೂಡಿಗೆ ಹೇಳಿದ್ದೋ ನನಗೋ, ಆಗ ಕೇಳಿಕೊಳ್ಳಲಿಲ್ಲ.

ರವಣನಿಗೆ ಅಂದೆ: ವಿಜಯಪುರದ ಕಡೆ ಒಂದು ಸುತ್ತು ಹೋಗು.
ಮೂರನೇ ಗೇರಲ್ಲೇ ಹೋಗು. ನಿಲ್ಲಿಸಬೇಡ,
ಬೀಡಿಗೂ ನಿಲ್ಲಿಸಬೇಡ.
ಆಫ್ ಮಾಡದೆ ಸೀದಾ ನನ್ನ ಮುಂದೆ ಬಾ.

ಬಂದದ್ದು ಗೊತ್ತೇ ಆಗಲಿಲ್ಲ.
ನಾಯಿಗಳು ಮಲಗೇ ಇದ್ದವು.
ಕಡ್ಡಿ ಇಡಲು ಬಗ್ಗಿದರೆ ಕೆನ್ನೆಗೆ ಬಿಸಿ,
ಅಬ್ಬಾನ ಬಾಣಲೆಯ ಆವಿಯೇ, ಹುಳದ ವಾಸನೆ ಮಾತ್ರ ಇಲ್ಲ.
ಅಂಕಿ ಇಳಿಯಿತು. ಒಂದು. ಪಾಯಿಂಟ್ ಏಳು.
ಅಲ್ಲೇ ಸ್ವಲ್ಪ ಹೊತ್ತು ತೂಗಾಡಿತು.
ನಾವಿಬ್ಬರೂ ಉಸಿರು ಹಿಡಿದಿದ್ದೆವು,
ಕಾರೊಂದೇ ಬಿಡುತ್ತಿತ್ತು.
ಪಾಯಿಂಟ್ ನಾಲ್ಕು ಒಂದು.

ಚೀಟಿ ಬಂತು, ಹರಿದು ಕೊಟ್ಟೆ.
ಬಂಕಿನಾಚೆ ಬೀದಿಯಲ್ಲಿ ನೂಲು ಬಿಚ್ಚುವ ಮನೆಗಳ ಚಿಮಣಿಗಳು
ಎಂದಿನಂತೆ ಕಪ್ಪಗೆ ಉಗುಳುತ್ತಿದ್ದವು.
ಅವಕ್ಕೆ ಇಡುವಷ್ಟು ಉದ್ದದ ಕಡ್ಡಿ ನನ್ನಲ್ಲಿಲ್ಲ.

ರವಣ ಕೂತ. ಕೀಲಿ ತಿರುಗಿಸಿದ.
ಕರ್ರೆಂದು ಹಲ್ಲು ಕಡಿಯಿತು ಗಾಡಿ:
ಅದು ಓಡುತ್ತಲೇ ಇತ್ತು, ಇವನಿಗೆ ಕೇಳಿಸಿರಲಿಲ್ಲ.
ಸ್ಟೇರಿಂಗಿನ ಮೇಲೆ ಅಂಗೈ ಒತ್ತಿ
ಇದೆಯಾ ಇಲ್ಲವಾ ನೋಡುವವನಂತೆ ಕೂತೇ ಇದ್ದ.

"ಸತ್ತಂಗಿದೆ ಅಕ್ಕ."
"ಇಲ್ಲಪ್ಪ, ಬಿಸಿ ಇದೆ," ಅಂದೆ,
ಇನ್ನೂರರ ನೋಟಿಗೆ ಚಿಲ್ಲರೆ ಹುಡುಕುತ್ತಾ.